ದೋಣಿಗೆ ಕೊಟ್ಟ ಬೆಲ್ಲ

ತಮ್ಮನ ತಲೆಯನ್ನು ದೋಣಿಯ ಹುಟ್ಟಿನಿಂದ ಒಡೆದು ಹೆಣವನ್ನು ನೀರಿಗೆ ತಳ್ಳಿದವನು ಊರಿಗೆ ಹೇಳಿದ್ದು ಇಷ್ಟೇ: "ಅಳಿವೇಲಿ ದೋಣಿಗೆ ನೀರು ತುಂಬ್ತು. ಅಲ್ಲಿ ಎಂಥಾ ಈಜುಗಾರನೂ ಉಳಿಯೂದಿಲ್ಲ."

ತಮ್ಮ ಒಬ್ಬನೇ ಹೋಗಿದ್ದ, ಬರಿದೋಣಿ ದಡಕ್ಕೆ ತೇಲಿ ಬಂತು ಎಂದುಕೊಂಡು ಊರು ನಂಬಿತು. ತಮ್ಮನ ಹೆಂಡತಿ ಮಾತ್ರ ದೋಣಿಯ ಹಲಗೆಗೆ ಅಂಟಿದ್ದ ಗಂಡನ ಕೂದಲನ್ನು ಕಂಡಳು. ಕಂಡೂ ಬಾಯಿ ಬಿಡಲಿಲ್ಲ.

ಆ ಹಾಯಿದೋಣಿಯನ್ನು ಮತ್ತೆ ನೀರಿಗಿಳಿಸಲು ಸಜ್ಜು ಮಾಡುವ ಕೆಲಸವನ್ನು ಅವನು ಅವಳ ತಲೆಗೇ ಕಟ್ಟಿದ. ಅವಳು ನೆತ್ತರಿನ ಕಲೆ ಕೆರೆದಳು, ಹಲಗೆಗಳ ಸಂದಿಗೆ ನಾರು ತುರುಕಿದಳು, ಮೀನೆಣ್ಣೆ ಬಳಿದಳು, ಹರಿದ ಹಾಯಿ ಹೊಲಿದಳು. ಕೈ ನಿಧಾನವಾದಾಗಲೆಲ್ಲ ಬೆನ್ನಿಗೆ ಅದೇ ಹುಟ್ಟಿನ ಏಟು ಬೀಳುತ್ತಿತ್ತು.

ದೋಣಿ ಇಳಿಸುವ ದಿನ ಬಂತು.

"ಪೂಜೆಗೆ ಬೆಲ್ಲ ತಾ," ಎಂದ.

"ಬೆಲ್ಲ ಇಲ್ಲ, ಭಾವ."

ಏಟಿಗೆ ಅವಳ ಹಲ್ಲೊಂದು ಮರಳಿಗೆ ಬಿತ್ತು. "ನಿನ್ನೆ ತಂದಿಟ್ಟ ಬೆಲ್ಲದ ಅಚ್ಚು ಏನಾಯ್ತೆ?"

"ದೋಣಿಗೇ ಕೊಟ್ಟೆ."

ಅವನು ಬಗ್ಗಿ ನೋಡಿದ. ದೋಣಿಯ ತಳದಲ್ಲಿ ಇರುವೆಗಳ ಸಾಲು ಹರಿದಿತ್ತು. ಅವನಿಗೆ ನಗು ಬಂತು. "ನನಗಿಂತ ಮೊದ್ಲೇ ಪೂಜೆ ಮುಗಿಸಿದ್ಯಾ? ಆಯ್ತು, ಬಿಡು."

ಅವನೊಬ್ಬನೇ ಏರಿದ ದೋಣಿ ಹಾಯಿಗೆ ಗಾಳಿ ತುಂಬಿಕೊಂಡು, ಹೊಳೆ ಕಡಲಿಗೆ ಸೇರುವ ಅಳಿವೆಯತ್ತ ಸಾಗಿತು. ತಳದ ಸಂದಿಯ ನಾರು ಕಿತ್ತು ಮೆತ್ತಿದ್ದ ಬೆಲ್ಲ ಕರಗುವಷ್ಟು ಹೊತ್ತು ಅವಳು ಮರಳಿನ ಮೇಲೆ ಕೂತಿದ್ದಳು. ಆಮೇಲೆ ಎದ್ದು, ಎದೆ ಬಡಿದುಕೊಳ್ಳುತ್ತ ಊರಿನ ಕಡೆಗೆ ಓಡಿದಳು.

"ಅಳಿವೇಲಿ ದೋಣಿಗೆ ನೀರು ತುಂಬ್ತು. ಅಲ್ಲಿ ಎಂಥಾ ಈಜುಗಾರನೂ ಉಳಿಯೂದಿಲ್ಲ."