ಅಂಗಾರ ಭಟ್ಟರ ಇಪ್ಪತ್ತೊಂದನೇ ವರ್ಷಾಚರಣೆ

"ಡಿಲೀಟ್ ಮಾಡು ಅಂದೆ! ಈಗಲೇ!"

ಹೋಟೆಲ್ ಮಾಲೀಕ ಶೇಖರ ಗಲ್ಲಾದ ಬಳಿ ಮಗಳ ಮೇಲೆ ಹರಿಹಾಯ್ದ ಸದ್ದಿಗೆ, ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅಂಗಾರನ ಕೈಯಿಂದ ಸಾಸಿವೆ ಒಂದು ಚಮಚ ಹೆಚ್ಚೇ ಬಿತ್ತು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿದ್ದ ಆ ಹೋಟೆಲಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಅಷ್ಟು ಜೋರಾಗಿ ಕಿರುಚುವ ಹಕ್ಕು ಇದುವರೆಗೆ ಮಿಕ್ಸರಿಗೆ ಮಾತ್ರ ಇತ್ತು.

ಅಶ್ಮಿತಾ ಹೆದರುವ ಪೈಕಿಯಲ್ಲ. "ಅರೆ ಪಪ್ಪಾ, ಡಿಲೀಟ್ ಕರ್ಕೆ ಕ್ಯಾ ಫಾಯ್ದಾ? ನಲವತ್ತು ಸಾವಿರ ಜನ ನೋಡಿ ಆಯ್ತು."

ಅವರು ನೋಡಿದ್ದು ಅವಳು ಮೊಬೈಲಿನಲ್ಲೇ ಬಿಡಿಸಿ ಹಾಕುವ ಕಾಮಿಕ್ಸನ್ನು. ಹೆಸರು 'ಇತಿಹಾಸದಲ್ಲಿ ಈ ದಿನ'. ರಾಜ ಮಹಾರಾಜರಿಗೆ ಅಲ್ಲಿ ಪ್ರವೇಶವಿಲ್ಲ. ಚಟ್ನಿಯ ಯುದ್ಧದಲ್ಲಿ ಹುರಿಗಡಲೆಯು ತೆಂಗಿನಕಾಯಿಯನ್ನು ಸೋಲಿಸಿದ ದಿನ. ನೀರುದೋಸೆಯ ಮೇಲೆ ಮೊದಲ ಸಲ ಚೀಸ್ ಬಿದ್ದ ದಿನ, ಎರಡು ನಿಮಿಷ ಮೌನ. ಲೋಕಲ್ ರೈಲಿನ ಜನ ಪಪ್ಪನನ್ನು ಡೊಂಬಿವಲಿಯಲ್ಲಿ ಇಳಿಯಗೊಡದೆ ಮೂರು ಸ್ಟೇಷನ್ ಆಚೆಯ ಶಹಾಡಿನವರೆಗೆ ಹೊತ್ತೊಯ್ದ ದಿನ. ಇಂಥವೇ. ಅಲ್ಲಿಯವರೆಗೆ ಶೇಖರನೂ ನಕ್ಕಿದ್ದ. ಇವತ್ತಿನದಕ್ಕೆ ಮಾತ್ರ ಅವನ ಮುಖ ಹುಳಿ ಮಜ್ಜಿಗೆಯಾಗಿತ್ತು: 'ಅಂಗಾರ ಮಾಮ ಭಟ್ಟರಾದ ದಿನ. ಇಪ್ಪತ್ತೊಂದನೇ ವರ್ಷಾಚರಣೆ.'

ನಾಲ್ಕೇ ಚಿತ್ರ. ಮೊದಲನೆಯದರಲ್ಲಿ ಹೋಟೆಲಿನ ಅಸಲಿ ಅಡುಗೆ ಭಟ್ಟರು ಟ್ರಂಕು ಹೊತ್ತು, ಹೇಳದೆ ಕೇಳದೆ ಸಾನಪಾಡಾದ ಹೊಸ ಹೋಟೆಲಿಗೆ ಹೊರಟಿದ್ದಾರೆ. ಎರಡನೆಯದರಲ್ಲಿ ಶೇಖರ, ಹಿಟ್ಟು ರುಬ್ಬುತ್ತಿದ್ದ ಅಂಗಾರನ ರಟ್ಟೆ ಹಿಡಿದು ಎಬ್ಬಿಸುತ್ತಿದ್ದಾನೆ: "ಇವತ್ತಿನಿಂದ ನೀನೇ ಭಟ್ರು. ಮಾತು ಕಮ್ಮಿ ಆಡು." ಮೂರನೆಯದರಲ್ಲಿ ಮೊಳೆಗೆ ನೇತುಹಾಕಿದ ಒಂದು ಜನಿವಾರ, ಕೆಳಗೆ ಸೂಚನೆ: 'ಗಿರಾಕಿ ಇಣುಕಿದಾಗ ಧರಿಸತಕ್ಕದ್ದು.' ನಾಲ್ಕನೆಯದರಲ್ಲಿ 'ಭಟ್ಟರ ಕೈಯ ಅಸಲಿ ಉಡುಪಿ ಸಾರು' ಎಂಬ ಬೋರ್ಡಿನ ಕೆಳಗೆ ಊರಿಗೆ ಊರೇ ಸೊರಸೊರ ಕುಡಿಯುತ್ತಿದೆ.

ಒಂದು ಗೆರೆಯೂ ಸುಳ್ಳಲ್ಲ. ಹೋದ ವಾರ ಅಂಗಾರ ತಾನೇ ನಕ್ಕು ನಕ್ಕು ಅವಳಿಗೆ ಹೇಳಿದ್ದ. ಊರಿನ ಹೋಟೆಲಿನಲ್ಲಿ ಅವನ ಜಾತಿಯವರಿಗೆ ಚಹಾ ಸಿಗುತ್ತಿದ್ದುದು ಹೊರಗೆ, ತೆಂಗಿನ ಚಿಪ್ಪಿನಲ್ಲಿ. ಇಲ್ಲಿ ಅವನ ಸಾರಿಗೆ ಜನ ಕ್ಯೂ ನಿಲ್ಲುತ್ತಾರೆ, ಆದರೆ ಹೆಸರು ಹಿಡಿದು ಕರೆಯುವವಳು ಅಶ್ಮಿತಾ ಒಬ್ಬಳೇ. ಉಳಿದವರಿಗೆಲ್ಲ ಅವನು 'ಭಟ್ರೇ'. ನಲವತ್ತು ಸಾವಿರ ಜನರ ಅಂಗೈಯಲ್ಲಿ ತನ್ನ ಹೆಸರಿದೆ ಎಂದು ಕೇಳಿದಾಗ ಎದೆಯಲ್ಲಿ ಎದ್ದದ್ದು ಹೆದರಿಕೆಯೋ ಖುಷಿಯೋ ಅವನಿಗೇ ತಿಳಿಯಲಿಲ್ಲ.

ಶೇಖರ ಒಳಗೆ ನುಗ್ಗಿದ. "ನಿನ್ನ ಬಾಯಿಗೆ ತುರಿಕೆಯಾ ಮಾರಾಯ? ಈಗ ಜಯಶೀಲ ರಾಯರು ಬರ್ತಾರೆ, ಅವರೂ ಅದನ್ನು ನೋಡಿದ್ದಾರಂತೆ. ಕನ್ನಡ ಸಂಘದ ಊಟದ ಆರ್ಡರ್ ಎಲ್ಲ ಅವರ ಕೈಯಲ್ಲಿ ಉಂಟು. ಅವರು ಇಲ್ಲಿ ಕೂತು ಉಂಡ್ರೆ ನೀನು ಉಳಿದೆ. ಎದ್ದು ಹೋದ್ರೆ ಇವತ್ತೇ ಚೀಲ ಕಟ್ಟು. ಭಿವಂಡಿಯಲ್ಲಿ ನಿನ್ನ ಮಗನ ಜೊತೆ ಗೋಡೌನ್ ಕಾಯಲಿಕ್ಕೆ ಹೋಗು."

"ಸಾರು ನಿನ್ನೆಯ ಹಾಗೆಯೇ ಉಂಟಲ್ಲ, ಧಣಿ?"

"ಪ್ರಶ್ನೆ ಸಾರಿನದ್ದಲ್ಲ!"

"ಮತ್ತೆ ಎಂತದ್ದು?"

ಬಾರದ ಫೋನನ್ನು ಕಿವಿಗಿಟ್ಟುಕೊಂಡು ಶೇಖರ ಹೊರನಡೆದ.

ಹನ್ನೆರಡೂವರೆಗೆ ರಾಯರು ಬಂದರು. 'ಮುಂಬಯಿ ರೈಲು ಹತ್ತಿದ ಕನ್ನಡಿಗನಿಗೆ ಜಾತಿಯಿಲ್ಲ' ಎಂದು ಪ್ರತಿ ರಾಜ್ಯೋತ್ಸವಕ್ಕೂ ಭಾಷಣ ಬಿಗಿಯುವ ಗಂಟಲು ಇವತ್ತು ಪಿಸುಗುಟ್ಟುತ್ತಿತ್ತು. "ಶೇಖರಣ್ಣ, ನನಗೆ ಅದೆಲ್ಲ ಇಲ್ಲ, ನಿಮಗೆ ಗೊತ್ತುಂಟಲ್ಲ. ಆದ್ರೆ ನಾಲ್ಕು ಜನ ನೋಡ್ತಾರೆ. ಒಂದು ಕೆಲಸ ಮಾಡಿ, ಸಾರು ಪಾರ್ಸೆಲ್ ಕೊಡಿ. ಎರಡು ಬಟ್ಟಲಿನಷ್ಟು. ಕಪ್ಪು ಚೀಲ ಉಂಟಾ?"

"ವೈನ್ ಶಾಪ್ ವಾಲಾ?" ಎಂದಳು ಅಶ್ಮಿತಾ.

ಶೇಖರ ಅವಳನ್ನು ಕಣ್ಣಲ್ಲೇ ಗದರಿ, ಹೋದ ಜೀವ ಬಂದವನಂತೆ ಒಳಗೆ ಕೂಗಿದ: "ಭಟ್ರೇ, ಒಂದು ಸಾರು ಪಾರ್ಸೆಲ್!"

ಪಾರ್ಸೆಲ್ ಬರಲಿಲ್ಲ. ಸಾರಿನ ಬಕೆಟು ಹಿಡಿದು ಅಂಗಾರನೇ ಬಂದ. ಊಟದ ಹೊತ್ತಿನಲ್ಲಿ ಅವನು ಅಡುಗೆಮನೆಯ ಹೊಸ್ತಿಲು ದಾಟಿದ್ದು ಇದೇ ಮೊದಲು. ಮೈಮೇಲೆ ಬೆವರಿಗೆ ಅಂಟಿದ ಒಂದು ಬನಿಯನ್ನು; ಜನಿವಾರ ಮೊಳೆಯಲ್ಲೇ ಉಳಿದಿತ್ತು.

"ಪಾರ್ಸೆಲ್ ಇಲ್ಲ. ಇಲ್ಲೇ ಕೂತು ಉಣ್ಣಬೇಕು."

"ಎಂತ ಮಾತಾಡ್ತಿ!" ಶೇಖರ ಹಲ್ಲು ಕಡಿದ.

"ಕೂತು ಉಂಡ್ರೆ ಮಾತ್ರ ನಾನು ಉಳಿದೆ ಅಂತ ನೀವೇ ಹೇಳಿದ್ದಲ್ವಾ ಧಣಿ? ಹೊರಗೆ ನಿಂತು ಕುಡಿಯುವ ಅಭ್ಯಾಸ ನಮಗುಂಟು. ಪಾಪ, ರಾಯರಿಗೆ ಇಲ್ಲ."

ಹೇಳಿದವನೇ ಬಕೆಟಿನ ಮುಚ್ಚಳ ತೆಗೆದ. ಕೊತ್ತಂಬರಿ, ಇಂಗು, ತುಪ್ಪದ ಒಗ್ಗರಣೆಯ ಘಮ ಒಟ್ಟಿಗೇ ಎದ್ದಿತು. ರಾಯರು ಬಾಗಿಲ ಕಡೆ ನೋಡಿದರು. ಬಕೆಟಿನ ಕಡೆ ನೋಡಿದರು. ಮತ್ತೆ ಬಾಗಿಲು ನೋಡಿ, ಮೂಲೆಯ ಮೇಜಿಗೆ ಹೋಗಿ ಕೂತು, ಗಲ್ಲಾದ ಮೇಲಿದ್ದ ಪೇಪರು ತರಿಸಿಕೊಂಡು ಮುಖಕ್ಕೆ ಅಡ್ಡ ಹಿಡಿದರು. ಅಂಗಾರ ಒಂದು ಬಟ್ಟಲು ಬಡಿಸಿದ. ಪೇಪರಿನ ಹಿಂದೆ ಸೊರ್ರೆಂದಿತು. ಮೊದಲ ಪುಟದ ಮಂತ್ರಿಗಳೆಲ್ಲ ಗಡಗಡ ನಡುಗಿದರು. ಶೇಖರ ಉಸಿರು ಬಿಟ್ಟ.

ಪೇಪರಿನ ಅಂಚಿನಿಂದ ಖಾಲಿ ಬಟ್ಟಲೊಂದು ಹೊರಚಾಚಿತು.

"ಇನ್ನೊಂದು ಹಾಕಿ, ಭಟ್ರೇ."

ಅಂಗಾರ ಸೌಟು ತುಂಬಿ ಬಟ್ಟಲಿನ ಮೇಲೆ ತಂದು ಹಿಡಿದ. ಬಗ್ಗಿಸಲಿಲ್ಲ; ತನ್ನ ಹೆಸರಿಗೆ ಕಾದ.