ಮೊದಲ ಮೀನಿನ ಸಾರು

ಸಿರಿಂಜಿನ ಹಿಡಿ ಅರ್ಧಕ್ಕೇ ನಿಂತಿತು. ತಿಮ್ಮಕ್ಕ ಎರಡೂ ಹೆಬ್ಬೆರಳು ಸೇರಿಸಿ ಒತ್ತಿದಳು. ಗಂಡನ ಹೊಟ್ಟೆಯ ಪೈಪಿನೊಳಕ್ಕೆ ಬಿಸಿನೀರು ಒಂದು ಹನಿಯೂ ಇಳಿಯಲಿಲ್ಲ. ಗಂಟಲು ಕಟ್ಟಿಹೋದ ದಾಸನಿಗೆ ಐದು ತಿಂಗಳಿಂದ, ನೇರ ಕರುಳಿಗೆ ಹೋಗುವ ಆ ಪೈಪೇ ಬಾಯಿ. ಬೆಳಿಗ್ಗೆಯಿಂದ ಅದೂ ಮುಚ್ಚಿಕೊಂಡಿತ್ತು.

“ಜೋರು ಒತ್ಬೇಡ ಅಮ್ಮ, ಪೈಪು ಒಡೆದ್ರೆ ಮತ್ತೆ ಮಂಗಳೂರಿಗೇ ಓಡ್ಬೇಕು,” ಎಂದು ಮಗಳು ಸುಚಿತಾ ಸಿರಿಂಜು ತೆಗೆದುಕೊಂಡು ಮೆಲ್ಲಗೆ ಹಿಂದಕ್ಕೆಳೆದಳು. ಅರಿಶಿನ ಬಣ್ಣದ ಗಸಿ ಚೂರು ಬಂತು. ಮೂಸಿ ನೋಡಿದಳು. “ಇದಕ್ಕೆ ಎಂತ ಹಾಕಿದ್ದೆ?”

“ಬಂಗಡೆ ಸಾರು,” ಎಂದಳು ತಿಮ್ಮಕ್ಕ. “ಬಟ್ಟೇಲಿ ಸೋಸೇ ಹಾಕಿದ್ದೆ. ಮಳೆಗಾಲ ಕಳ್ದು ನಮ್ಮ ದೋಣಿ ತಂದ ಮೊದಲ ಮೀನು. ಇವ್ರು ಉಣ್ಣದೆ ಈ ಮನೇಲಿ ಯಾರಾದ್ರೂ ಮುಟ್ಟಿದ್ದು ಉಂಟಾ?”

ಸುಚಿತಾ ಆಂಬುಲೆನ್ಸಿಗೆ ಫೋನ್ ಹಚ್ಚಿದಳು.

ದಾಸ ಕೈಸನ್ನೆ ಮಾಡಿ ಸಾರಿನ ಬಟ್ಟಲು ಕೇಳಿದ. ತಿಮ್ಮಕ್ಕ ಬೇಡವೆಂದು ತಲೆಯಾಡಿಸಿದರೂ ಅವನು ಚಾಚಿದ ಕೈ ಹಿಂದೆಗೆಯಲಿಲ್ಲ. ಕೊನೆಗೆ ಹತ್ತಿರ ತಂದು ಹಿಡಿದಳು. ಅವನು ಅದರಲ್ಲಿ ಒಂದು ಬೆರಳದ್ದಿ, ಬಿರುಕು ಬಿಟ್ಟ ತುಟಿಗೆ ಸವರಿಕೊಂಡ. ಆಮೇಲೆ ಬಟ್ಟಲನ್ನು ಅವರಿಬ್ಬರ ಕಡೆಗೆ ತಳ್ಳಿ, ಇನ್ನು ನೀವು ಉಣ್ಣಿ ಎಂಬಂತೆ ಕೈ ತೋರಿಸಿದ.

ಅವನಿಗೆ ಇಷ್ಟೇ ಸಾಕಿತ್ತು; ಪೈಪಿಗೆ ಹಾಕಬೇಕಾಗಿಯೇ ಇರಲಿಲ್ಲ.

ತಿಮ್ಮಕ್ಕ ಬಟ್ಟಲನ್ನು ನೆಲಕ್ಕಿಟ್ಟು ಮತ್ತೆ ಸಿರಿಂಜು ಎತ್ತಿಕೊಂಡಳು. ಈ ಸಲ ಮೆಲ್ಲಗೆ, ತೀರಾ ಮೆಲ್ಲಗೆ ಒತ್ತಿದಳು. ಹಿಡಿ ಕದಲಲಿಲ್ಲ.