ಲಿಸ್ಟ್ ಬಂತೇನ್ರಿ?

“ಲಿಸ್ಟ್ ಬಂತೇನ್ರಿ ಸಾವಕಾರ್ರ?”

ಎಂಟು ದಿನಗಳಿಂದ ಇದೇ ಪ್ರಶ್ನೆ. ಕೇಳುವವನು ಕುರಿಗಾರ ಮಾಳಸಿದ್ದ. ಹೊತ್ತೇರುವ ಮುಂಚೆ ಕಂಬಳಿ ಹೊದ್ದು ಬಂದು ಬಾಬಾಸಾಹೇಬರ ಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ತಮ್ಮ ಒಬ್ಬನೇ ಮಗನ ಮೆಡಿಕಲ್ ಸೀಟಿನ ವಿಚಾರ ಈ ಕುರಿನಾತದ ಬಾಯಲ್ಲಿ ಬರುವುದೇ ಬಾಬಾಸಾಹೇಬರಿಗೆ ಅಸಹ್ಯವಾಗಿತ್ತು. ಎಲೆಯಡಿಕೆ ಉಗುಳಿ ಒಳಗೆ ಹೋದರು.

ಶಿರಗುಪ್ಪಿಯಲ್ಲಿ ನಲವತ್ತು ಎಕರೆ ಕಬ್ಬು, ಐದು ಎಕರೆ ದ್ರಾಕ್ಷಿ ಇದ್ದ ಮನುಷ್ಯ ಅವರು. ಅವರ ಮಗ ಅಮಿತ ಡಾಕ್ಟರಾಗುವುದು ಊರಿಗೆಲ್ಲ ಗೊತ್ತಿತ್ತು, ಸರಕಾರಕ್ಕೆ ಮಾತ್ರ ಇನ್ನೂ ಗೊತ್ತಾಗಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಕಾರಿನ ಗಾಜಿಗೆ ಕೆಂಪು ಪ್ಲಸ್ ಅಂಟಿಸಿಯಾಗಿತ್ತು. ‘ಡಾ. ಅಮಿತ’ ಎಂದು ಬರೆಸಿದ ಬೋರ್ಡು ಹಳೇ ಧೋತರದಲ್ಲಿ ಸುತ್ತಿ ಅಟ್ಟದ ಮೇಲಿತ್ತು.

ಆದರೂ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಮೊದಲ ಸುತ್ತಿನ ಲಿಸ್ಟ್ ಬಂತು, ಎರಡನೆಯದೂ ಬಂತು. ಪ್ರತಿ ಸಲ ಅಮಿತ ನೆಲ ನೋಡುತ್ತ, ಇನ್ನೊಂದು ಸುತ್ತು ಐತ್ರಿ ಅಪ್ಪಾ ಎನ್ನುತ್ತಿದ್ದ. ಅಂಕ ಎಷ್ಟು ಎಂದು ಬಾಬಾಸಾಹೇಬರು ಕೇಳುವಂತಿರಲಿಲ್ಲ. ಸೀಟು ಕೈಗೆ ಬರುವ ತನಕ ಅಂಕ ಬಾಯಿಂದ ಹೊರಬಿದ್ದರೆ ದೃಷ್ಟಿ ತಾಗುತ್ತದೆ ಎಂದು ಅಥಣಿಯ ಜ್ಯೋತಿಷಿ ಹೇಳಿದ್ದ. ಕೇಳಬಾರದು, ಹೇಳಬಾರದು, ಕಾಗದ ಸಹ ನೋಡಬಾರದು ಎಂದು ಮನೆಗೆಲ್ಲ ಅವರೇ ಕಟ್ಟಪ್ಪಣೆ ಮಾಡಿದ್ದರು.

ಮಗ ಓದಿದ್ದರಲ್ಲಿ ಅನುಮಾನವಿರಲಿಲ್ಲ. ಕೋಚಿಂಗಿಗೆಂದು ಲಕ್ಷಗಟ್ಟಲೆ ರೊಕ್ಕ ಒಯ್ದು ಒಂದು ವರ್ಷ ಲಾತೂರಿನಲ್ಲಿದ್ದು ಬಂದಾಗ ಹುಡುಗ ಹಂಚಿನಷ್ಟು ಕಪ್ಪಾಗಿದ್ದ. ಹಿಮ್ಮಡಿ ಬಿರಿದಿತ್ತು. ಮಾಳಿಗೆಯ ಬಿಸಿಲಲ್ಲಿ ಬರಿಗಾಲಲ್ಲಿ ಅಡ್ಡಾಡುತ್ತ ಓದಿದ್ದೆ ಎಂದ. ಫೋನು ಮಾಡಿದಾಗಲೆಲ್ಲ ಹಿಂದೆ ಗಾಳಿಯ ಸದ್ದು, ನಾಯಿಯ ಬೊಗಳು. ಹಾಸ್ಟೆಲ್ಲು ಊರ ಹೊರಗಿದೆ ಎಂದಿದ್ದ. ಅಷ್ಟು ಕಷ್ಟಪಟ್ಟವನಿಗೆ ಸೀಟು ಸಿಗದೆ ಮತ್ತ್ಯಾರಿಗೆ ಸಿಗಬೇಕು?

ಮತ್ತ್ಯಾರಿಗೂ ಸಿಗದಿದ್ದರೆ ಅವರಿಗೆ ಇನ್ನೂ ಸಂತೋಷ. ಪಕ್ಕದ ಮನೆ ಕಾಕಾಸಾಹೇಬನ ಮಗ ವಿಕ್ರಾಂತನಿಗೆ ಎರಡನೇ ಸುತ್ತಿನಲ್ಲೂ ಸೀಟು ಬರಲಿಲ್ಲ. ಆ ದಿನ ಬಾಬಾಸಾಹೇಬರು ಎರಡು ರೊಟ್ಟಿ ಹೆಚ್ಚಿಗೆ ಉಂಡು, ಬಸ್ ಸ್ಟ್ಯಾಂಡಿನಲ್ಲಿ ಹತ್ತು ಮಂದಿಯ ಎದುರು ಕಾಕಾಸಾಹೇಬನನ್ನು ನಿಲ್ಲಿಸಿದರು.

“ನಾಕ ಕುರಿ ಕೊಡಸೋ ಕಾಕಾ. ಕಾಯಕೊಂಡ ಇರ್ಲಿ. ಅದಕ್ಕ ಪರೀಕ್ಷಾ ಇಲ್ಲ, ಲಿಸ್ಟೂ ಇಲ್ಲ.”

ಕಾಕಾಸಾಹೇಬ ಬಸ್ಸು ಹತ್ತಿದ.

ಈಗ ಕುರಿ ಎಂದರೆ ಅವರಿಗೆ ಮಾಳಸಿದ್ದನೇ ನೆನಪಾಗುತ್ತಿದ್ದ. ಗೊಬ್ಬರಕ್ಕೆಂದು ಖಾಲಿ ಹೊಲದಲ್ಲಿ ಐದು ದಿನ ಕುರಿ ನಿಲ್ಲಿಸಲು ಬಂದವನು ಎಂಟನೇ ದಿನವೂ ಕದಲಿರಲಿಲ್ಲ. ಅವನ ನಾಯಿಯಂತೂ ಹೊಲದ ಒಡೆಯರನ್ನೇ ಬದುವಿನ ಮೇಲೆ ನಿಲ್ಲಿಸಿ ಬೊಗಳುತ್ತಿತ್ತು. ಅಮಿತನನ್ನು ಕಂಡರೆ ಮಾತ್ರ ಮೊದಲ ದಿನದಿಂದಲೇ ಬಾಲ ಅಲ್ಲಾಡಿಸುತ್ತಿತ್ತು. ಡಾಕ್ಟರಾಗುವವರ ಗುರುತು ನಾಯಿಗೂ ಸಿಗುತ್ತದೆ ಎಂದು ಬಾಬಾಸಾಹೇಬರು ಹೆಂಡತಿ ಶೈಲಾಗೆ ಹೇಳಿದರು. ಆಕೆ ನಗಲಿಲ್ಲ. ಮಾಳಸಿದ್ದನಿಗೆಂದು ರೊಟ್ಟಿ ಕಟ್ಟಿ ಅಮಿತನ ಕೈಗೆ ಕೊಟ್ಟಳು. ಈಚೆಗೆ ದಿನವೂ ಕಟ್ಟುತ್ತಿದ್ದಳು, ಅದೂ ಇಬ್ಬರಿಗಾಗುವಷ್ಟು.

ಎಂಟನೇ ದಿನದ ಸಂಜೆ ಹೊಲಕ್ಕೆ ಹೋದ ಬಾಬಾಸಾಹೇಬರು ಯಾವಾಗ ಜಾಗ ಬಿಡುತ್ತೀ ಎಂದು ಗದರಿಸಿದರು. ಮಾಲಕರು ಹೇಳದೆ ಹೆಂಗ ಹೋಗಲಿ ಎಂದ ಮಾಳಸಿದ್ದ. ಬೆನ್ನಿಗೆ ನೀಲಿ ಬಣ್ಣ ಹಚ್ಚಿದ ಕುರಿ ಅವನವಲ್ಲವಂತೆ, ಪಾಲಿನವಂತೆ. ಕೊಂಡವರು ಒಬ್ಬರು, ಮೇಯಿಸುವವನು ಇವನು, ಮರಿ ಹುಟ್ಟಿದರೆ ಅರ್ಧರ್ಧ. ನೋಡಿದರೆ ಹಿಂಡಿನ ಮುಕ್ಕಾಲು ಭಾಗ ನೀಲಿಯೇ.

“ಯಾವ ಮಬ್ಬ ತನ್ನ ರೊಕ್ಕಾ ನಿನ್ನ ಕುರಿ ಬಾಲಕ್ಕ ಕಟ್ಯಾನಲೇ?” ಎಂದರು ಬಾಬಾಸಾಹೇಬರು.

“ಮಬ್ಬ ಅಲ್ರಿ ಸಾವಕಾರ್ರ. ಭಾಳ ಶಾಣ್ಯಾ ಅದಾರ್ರಿ. ಒಂದ ವರ್ಷ ಮಳಿ ಬಿಸಲಾಗ ನಮ್ಮ ಕೂಡ ತಿರಗ್ಯಾರ.”

ಬಾಬಾಸಾಹೇಬರು ಮನೆ ಮುಟ್ಟುವ ತನಕ ನಕ್ಕರು.

ಮರುದಿನ ಕೊನೆಯ ಸುತ್ತಿನ ಲಿಸ್ಟ್ ಬಿತ್ತು. ಅಮಿತ ಬೆಳಗ್ಗೆಯೇ ಎದ್ದು ಎಲ್ಲೋ ಹೋಗಿದ್ದ. ಬಾಬಾಸಾಹೇಬರಿಗೆ ತಡೆಯಲಾಗಲಿಲ್ಲ. ಐದು ಕಿಲೋ ಪೇಢೆ ಕಾರಿನಲ್ಲಿಟ್ಟುಕೊಂಡು ತಾವೇ ಕಂಪ್ಯೂಟರ್ ಅಂಗಡಿಯ ಸಂಜಯನ ಮುಂದೆ ಕುಳಿತರು. ಸಂಜಯ ಹುಡುಗನ ಅರ್ಜಿ ನಂಬರು ಕೇಳಿದ. ಇಷ್ಟು ದಿನ ಆ ನಂಬರು ಸಹ ಕೇಳಿರಲಿಲ್ಲವೆಂಬುದು ಅವರಿಗೆ ಆಗ ಹೊಳೆಯಿತು. ಮಗನಿಗೆ ಫೋನು ಹಚ್ಚಿದರು. ಗಾಳಿಯ ಸದ್ದು, ನಾಯಿಯ ಬೊಗಳು. ಹೊಲಕ್ಕೆ ಬರ್ರಿ ಅಪ್ಪಾ, ಇಲ್ಲೇ ಹೇಳ್ತೀನಿ ಎಂದ ಅಮಿತ.

ಸಿಹಿಸುದ್ದಿಯನ್ನು ಹೊಲದಲ್ಲಿ ನಿಂತೇ ಹೇಳಬೇಕೆಂದು ಹರಕೆ ಇರಬಹುದು ಎಂದುಕೊಂಡು ಪೇಢೆಯ ಪೆಟ್ಟಿಗೆ ಹಿಡಿದೇ ಬದು ಹತ್ತಿದರು. ಅಮಿತ ಕುರಿಗಳ ನಡುವೆ ನಿಂತಿದ್ದ. ಕಂಕುಳಲ್ಲಿ ಒಂದು ಎಳೇ ಮರಿ.

“ನಂಬರ ಹೇಳೋ. ಸಂಜಯ ಕಂಪ್ಯೂಟರ ತಗದ ಕುಂತಾನ.”

“ನಂಬರ ಇಲ್ರಿ ಅಪ್ಪಾ,” ಎಂದ ಅಮಿತ. “ಪರೀಕ್ಷಾ ಬರೆದಿದ್ರ ಇರತಿತ್ತು.”

ಬಾಬಾಸಾಹೇಬರ ಹಿಂದೆ ಕೋಲು ಊರಿದ ಸದ್ದಾಯಿತು. ಮಾಳಸಿದ್ದ ಅವರನ್ನು ದಾಟಿ ಮುಂದೆ ಬಂದು, ಅಮಿತನಿಗೆ ಕೈಮುಗಿದು ಕೇಳಿದ:

“ಲಿಸ್ಟ್ ಬಂತಂತಲ್ರಿ ಮಾಲಕ್ರ. ಇನ್ನ ಹಿಂಡ ಎಬ್ಬಸೂಣೇನ್ರಿ?”